ಗಾಜಿಲ್ಲದ ಕೊಳವೆಗೆ ಎಷ್ಟು ಕೊಡಬೇಕು?

ಪ್ರಕೃತಿ ಛಾಯಾಗ್ರಹಣ ಎಂದ ಕೂಡಲೇ ನಮಗೆ ಬಂಡೀಪುರ, ನಾಗರಹೊಳೆ ನೆನಪಾಗುತ್ತವೆ. ಬೆಂಗಳೂರಿನವರಾದರೆ ಬನ್ನೇರುಘಟ್ಟ, ದೇಶದ ಮೊದಲ ಚಿಟ್ಟೆ ಉದ್ಯಾನ 2006ರಲ್ಲಿ ತೆರೆದದ್ದು ಅಲ್ಲೇ. ಕನಕಪುರ ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ ಇರುವ ಅಂಜನಾಪುರದ ಹೆಸರು ಈ ಸಾಲಿನಲ್ಲಿ ಯಾರಿಗೂ ಹೊಳೆಯುವುದಿಲ್ಲ. ಅದು ಬಿ.ಡಿ.ಎ. ನಿವೇಶನ ಹಂಚಿದ ಬಡಾವಣೆ. ಒಂದು ಕೆರೆ, ಎದ್ದು ನಿಂತ ಮನೆಗಳು, ನಡುನಡುವೆ ಇನ್ನೂ ಕಟ್ಟದೆ ಬಿಟ್ಟ ಖಾಲಿ ಸೈಟುಗಳು. ಆದರೆ ಆ ಖಾಲಿ ಸೈಟುಗಳಲ್ಲಿ ಎಕ್ಕ, ಹರಳು, ಲಂಟಾನ ಯಾರೂ ನೆಡದೆ ಬೆಳೆಯುತ್ತವೆ. ಎಕ್ಕದ ಎಲೆಯ ಮೇಲೆ ಪ್ಲೇನ್ ಟೈಗರ್ ಚಿಟ್ಟೆ ಮೊಟ್ಟೆ ಇಡುತ್ತದೆ, ಹರಳೆಲೆಯನ್ನು ಕಾಮನ್ ಕ್ಯಾಸ್ಟರ್ ಚಿಟ್ಟೆಯ ಹುಳು ತಿನ್ನುತ್ತದೆ, ಪಕ್ಕದ ಮನೆಯ ಕಾಂಪೌಂಡಿನ ಕರಿಬೇವಿನಲ್ಲಿ ಕಾಮನ್ ಮಾರ್ಮನ್ ಚಿಟ್ಟೆಯ ಹುಳು ದಪ್ಪಗಾಗುತ್ತಿರುತ್ತದೆ. ಒಂದೊಂದೇ ಸೈಟಿನಲ್ಲಿ ಪಾಯ ತೋಡಿದ ಹಾಗೆ ಈ ಗಿಡಗಳು ಹೋಗುತ್ತವೆ, ಅವುಗಳ ಜೊತೆ ಹುಳುಗಳೂ. ಇವನ್ನು ಚಿತ್ರದಲ್ಲಿ ಹಿಡಿದಿಡುವವರು ದೂರದಿಂದ ಬರುವುದಿಲ್ಲ. ಅಲ್ಲೇ ವಾಸವಿರುವ, ಮನೆಯಲ್ಲಿ ಒಂದು ಸಾಧಾರಣ ಕ್ಯಾಮೆರಾ ಇರುವ ಜನರೇ ಆಗಬೇಕು. ಅವರನ್ನು ತಡೆಯುವುದು ಮ್ಯಾಕ್ರೋ ಲೆನ್ಸಿನ ಬೆಲೆ. ಹತ್ತಾರು ಸಾವಿರ ರೂಪಾಯಿ ಕೊಟ್ಟು ಹುಳದ ಚಿತ್ರ ತೆಗೆಯಲು ಸಂಬಳದ ಮನೆಯಲ್ಲಿ ಒಪ್ಪಿಗೆ ಸಿಗುವುದು ಕಷ್ಟ. ಈ ತಡೆಯನ್ನು ದಾಟಿಸುವ ಒಂದು ಅಗ್ಗದ ಸಾಧನ ಎಕ್ಸ್‌ಟೆನ್ಷನ್ ಟ್ಯೂಬ್. ಅದನ್ನು ಆರಿಸುವಾಗ ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದೇ ಇವತ್ತಿನ ಮಾತು.

ಈ ಟ್ಯೂಬ್ ಎಂದರೆ ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ತೊಡಿಸುವ ಖಾಲಿ ಕೊಳವೆ. ಅದರೊಳಗೆ ಗಾಜಿನ ಚೂರೂ ಇಲ್ಲ. ಖಾಲಿ ಕೊಳವೆ ಹೇಗೆ ಸಣ್ಣದನ್ನು ದೊಡ್ಡದು ಮಾಡುತ್ತದೆ ಎಂದು ಸಂಶಯ ಬಂದವರು ಮನೆಯಲ್ಲೇ ನೋಡಬಹುದು. ಹಗಲಿನಲ್ಲಿ ಕಿಟಕಿಯ ಎದುರಿನ ಗೋಡೆಯ ಹತ್ತಿರ ಒಂದು ಭೂತಗನ್ನಡಿ ಹಿಡಿಯಿರಿ. ಗೋಡೆಯಿಂದ ಸ್ವಲ್ಪ ದೂರಕ್ಕೆ ಬಂದಾಗ ಕಿಟಕಿ, ಹೊರಗಿನ ಮರ, ಎಲ್ಲವೂ ತಲೆಕೆಳಗಾಗಿ, ಚಿಕ್ಕದಾಗಿ, ಸ್ಪಷ್ಟವಾಗಿ ಗೋಡೆಯ ಮೇಲೆ ಬೀಳುತ್ತವೆ. ಈಗ ಕಿಟಕಿ ಮುಚ್ಚಿ, ಗಾಜಿನಿಂದ ಒಂದು ಮೊಳ ದೂರದಲ್ಲಿ ಮೇಣದಬತ್ತಿ ಹಚ್ಚಿಡಿ. ಬತ್ತಿಯ ಉರಿ ಗೋಡೆಯ ಮೇಲೆ ಸ್ಪಷ್ಟವಾಗಬೇಕಾದರೆ ಭೂತಗನ್ನಡಿಯನ್ನು ಗೋಡೆಯಿಂದ ಇನ್ನಷ್ಟು ಹಿಂದಕ್ಕೆ ತರಬೇಕಾಗುತ್ತದೆ. ಬತ್ತಿಯನ್ನು ಗಾಜಿಗೆ ಹತ್ತಿರ ತಂದಷ್ಟೂ ಗಾಜು ಗೋಡೆಯಿಂದ ದೂರ ಹೋಗಬೇಕು, ಬಿಂಬವೂ ದೊಡ್ಡದಾಗುತ್ತ ಹೋಗುತ್ತದೆ. ಕ್ಯಾಮೆರಾದಲ್ಲಿ ಗೋಡೆಯ ಜಾಗದಲ್ಲಿ ಸೆನ್ಸರ್ ಇದೆ. ಲೆನ್ಸು ತನ್ನೊಳಗೆ ಮುಂದೆ ಸರಿಯುವ ದೂರಕ್ಕೆ ಒಂದು ಮಿತಿ ಇದೆ. ಟ್ಯೂಬು ಆ ಮಿತಿಯನ್ನು ದಾಟಿಸುತ್ತದೆ. ಮಾಡುವ ಕೆಲಸ ಇಷ್ಟೇ: ಗಾಜನ್ನು ಸೆನ್ಸರಿನಿಂದ ದೂರ ಹಿಡಿಯುವುದು. ಆದ್ದರಿಂದ ದುಬಾರಿ ಕಂಪನಿಯ ಟ್ಯೂಬು ಅಗ್ಗದ ಟ್ಯೂಬಿಗಿಂತ ಹೆಚ್ಚು ಸ್ಪಷ್ಟ ಚಿತ್ರ ಕೊಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಎರಡರೊಳಗೂ ಇರುವುದು ಗಾಳಿಯೇ. ಲೆನ್ಸಿನ ವಿಷಯದಲ್ಲಿ ಹೆಸರಿಗೆ ಹೆಚ್ಚು ಕೊಡುವುದಕ್ಕೆ ಕಾರಣವಿದೆ, ಅಲ್ಲಿ ಗಾಜನ್ನು ಅರೆದು, ಲೇಪ ಹಾಕಿ, ಜೋಡಿಸುವ ವಿದ್ಯೆಗೆ ಬೆಲೆ. ಇಲ್ಲಿ ಆ ಕಾರಣ ಇಲ್ಲ.

ಹಾಗಾದರೆ ಯಾವ ಉದ್ದದ ಟ್ಯೂಬು ಬೇಕು? ಅಂಗಡಿಗೆ ಹೋಗುವ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು, ಮತ್ತು ಇದಕ್ಕೆ ಉತ್ತರ ನಾವು ತೆಗೆಯಹೊರಟ ಜೀವಿಯ ಗಾತ್ರದಲ್ಲಿದೆ. ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಸೆನ್ಸರು ಸುಮಾರು 23 ಮಿಲಿಮೀಟರ್ ಅಗಲ. ಒಂದು ವಸ್ತು ಸೆನ್ಸರಿನ ಮೇಲೆ ತನ್ನ ನಿಜವಾದ ಗಾತ್ರದಲ್ಲೇ ಬಿದ್ದರೆ ಅದನ್ನು ಒಂದಕ್ಕೆ ಒಂದು ಎನ್ನುತ್ತಾರೆ. ಆಗ ಚಿತ್ರದ ಅಗಲದಲ್ಲಿ ಹಿಡಿಸುವುದು 23 ಮಿಲಿಮೀಟರಿನಷ್ಟು ಜಾಗ ಮಾತ್ರ. ಕರ್ನಾಟಕದ ರಾಜ್ಯ ಚಿಟ್ಟೆ, ಹಳದಿ ಮತ್ತು ಕಪ್ಪು ರೆಕ್ಕೆಯ ಸದರ್ನ್ ಬರ್ಡ್‌ವಿಂಗ್, ರೆಕ್ಕೆ ಬಿಚ್ಚಿದರೆ 14 ಸೆಂಟಿಮೀಟರಿಗೂ ಹೆಚ್ಚು ಅಗಲ. ಅದಕ್ಕೆ ಟ್ಯೂಬೇ ಬೇಡ, ಯಾವ ಲೆನ್ಸಾದರೂ ಸಾಕು. ಎಕ್ಕದ ಮೇಲಿನ ಪ್ಲೇನ್ ಟೈಗರ್ ಏಳೆಂಟು ಸೆಂಟಿಮೀಟರ್. ಅದು ಚಿತ್ರ ತುಂಬಲು ನಿಜ ಗಾತ್ರದ ಮೂರನೇ ಒಂದು ಭಾಗದ ಪ್ರಮಾಣ ಸಾಕು. ಹುಲ್ಲಿನ ನಡುವೆ ಹಾರುವ ಗ್ರಾಸ್ ಜ್ಯುವೆಲ್ ಎಂಬ ಪುಟ್ಟ ಚಿಟ್ಟೆ ಎರಡು ಸೆಂಟಿಮೀಟರ್ ಆಸುಪಾಸು. ಗೋಡೆಯ ಮೇಲೆ ನೆಗೆದಾಡುವ ಜೇಡ ಅದಕ್ಕೂ ಚಿಕ್ಕದು, ಅರ್ಧದಿಂದ ಒಂದು ಸೆಂಟಿಮೀಟರ್. ಇಲ್ಲಿ ಟ್ಯೂಬು ಬೇಕೇ ಬೇಕು. ಆದರೆ ಇಲ್ಲೂ ಒಂದಕ್ಕೆ ಒಂದು ಮುಟ್ಟಲೇಬೇಕೆಂಬ ಹಟ ಅನಗತ್ಯ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಚಿತ್ರದ ಅಗಲಕ್ಕೆ 6000 ಪಿಕ್ಸೆಲ್ ಇರುತ್ತವೆ. ಒಂದು ಸೆಂಟಿಮೀಟರ್ ಉದ್ದದ ಜೇಡವನ್ನು 0.7 ಪ್ರಮಾಣದಲ್ಲಿ ತೆಗೆದರೆ ಆ ಜೇಡಕ್ಕೇ ಸುಮಾರು 1800 ಪಿಕ್ಸೆಲ್ ದಕ್ಕುತ್ತವೆ. ಪತ್ರಿಕೆಯ ಗುಣಮಟ್ಟದಲ್ಲಿ ಅಚ್ಚು ಹಾಕಿದರೂ ಜೇಡವೊಂದೇ 15 ಸೆಂಟಿಮೀಟರ್ ಉದ್ದಕ್ಕೆ ಬರುತ್ತದೆ. ಬಡಾವಣೆಯ ಕೀಟಗಳನ್ನು ದಾಖಲಿಸುವವರಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ.

ಲೆಕ್ಕ ಸುಲಭ. ಟ್ಯೂಬಿನ ಉದ್ದವನ್ನು ಲೆನ್ಸಿನ ಸಂಗಮ ದೂರದಿಂದ, ಅಂದರೆ ಲೆನ್ಸಿನ ಮೇಲೆ ಬರೆದಿರುವ ಮಿಲಿಮೀಟರಿನಿಂದ, ಭಾಗಿಸಿದರೆ ಎಷ್ಟು ಪ್ರಮಾಣ ಹೆಚ್ಚಾಗುತ್ತದೆ ಎಂದು ತಿಳಿಯುತ್ತದೆ. ಡಿಎಸ್‌ಎಲ್‌ಆರ್‌ಗಳಿಗೆ ಮಾರುವ, ಮುಂದೆ ವಿವರಿಸುವ ಆಟೋ ಟ್ಯೂಬ್ ಸೆಟ್ಟುಗಳಲ್ಲಿ ಬಹುಪಾಲು 12, 20 ಮತ್ತು 36 ಮಿಲಿಮೀಟರಿನ ಮೂರು ತುಂಡು ಇರುತ್ತವೆ. 50 ಮಿಲಿಮೀಟರ್ ಲೆನ್ಸಿಗೆ 36ರ ತುಂಡು ಹಾಕಿದರೆ 0.72, ಲೆನ್ಸಿನ ಸ್ವಂತ ಶಕ್ತಿ 0.15 ಸೇರಿದರೆ ಒಂದಕ್ಕೆ ಒಂದರ ಹತ್ತಿರ ಬಂದ ಹಾಗೆಯೇ. 12ರ ತುಂಡು ಒಂದೇ ಸಾಕು ಪ್ಲೇನ್ ಟೈಗರ್‌ಗೆ. ಅದೇ 36ರ ತುಂಡನ್ನು 300 ಮಿಲಿಮೀಟರಿನ ಉದ್ದ ಜೂಮ್ ಲೆನ್ಸಿಗೆ ಹಾಕಿದರೆ ಹೆಚ್ಚಾಗುವುದು 0.12 ಮಾತ್ರ. ಇನ್ನೊಂದು ತುದಿಯಲ್ಲಿ, ಕ್ಯಾಮೆರಾದ ಜೊತೆಗೇ ಬರುವ 18-55 ಕಿಟ್ ಲೆನ್ಸನ್ನು 18ಕ್ಕೆ ತಿರುಗಿಸಿ ಟ್ಯೂಬು ತೊಡಿಸಿದರೆ ಫೋಕಸ್ ಆಗುವ ಜಾಗ ಮುಂದಿನ ಗಾಜಿಗೇ ಅಂಟಿಕೊಂಡಷ್ಟು ಹತ್ತಿರ ಬಂದುಬಿಡುತ್ತದೆ. ಟ್ಯೂಬು ಕೆಟ್ಟಿದೆ ಎಂದು ಅನೇಕರು ವಾಪಸು ಕೊಡುವುದು ಇದೇ ಕಾರಣಕ್ಕೆ. ಲೆನ್ಸನ್ನು 55ಕ್ಕೆ ತಿರುಗಿಸಿದರೆ ಅದೇ ಟ್ಯೂಬು ಸರಿಯಾಗಿ ಕೆಲಸ ಮಾಡುತ್ತದೆ. ಈ ಭಾಗಾಕಾರ ಈಗಿನ ಎಲ್ಲ ಲೆನ್ಸಿಗೂ ಕರಾರುವಾಕ್ಕಾಗಿ ಹೊಂದುವುದಿಲ್ಲ, ಒಳಗೇ ಫೋಕಸ್ ಮಾಡುವ ಲೆನ್ಸುಗಳು ಹತ್ತಿರಕ್ಕೆ ಬಂದಾಗ ತಮ್ಮ ಸಂಗಮ ದೂರವನ್ನೇ ಕುಗ್ಗಿಸಿಕೊಳ್ಳುತ್ತವೆ. ನಿಖರವಾಗಿ ಬೇಕಾದವರು ಶಾಲೆಯ ಸ್ಕೇಲಿನ ಚಿತ್ರ ತೆಗೆದು ಅಗಲಕ್ಕೆ ಎಷ್ಟು ಮಿಲಿಮೀಟರ್ ಹಿಡಿಸಿತು ಎಂದು ಎಣಿಸಲಿ. 23 ಹಿಡಿಸಿದರೆ ಒಂದಕ್ಕೆ ಒಂದು, 46 ಹಿಡಿಸಿದರೆ ಅರ್ಧ.

ಈಗ ಬೆಲೆಯ ಮಾತು. ಮಾರುಕಟ್ಟೆಯಲ್ಲಿ ಎರಡು ಜಾತಿಯ ಟ್ಯೂಬುಗಳಿವೆ. ಒಂದು ಕೆಲವು ನೂರು ರೂಪಾಯಿಗೆ ಸಿಗುವ, ಒಂದಕ್ಕೊಂದು ತಿರುಪಿ ಸೇರಿಸುವ ಬರೀ ಲೋಹದ ಬಳೆಗಳು. ಇನ್ನೊಂದು ಕೆಲವು ಸಾವಿರ ರೂಪಾಯಿಯ ಆಟೋ ಟ್ಯೂಬು. ಇದರ ಎರಡೂ ತುದಿಯಲ್ಲಿ ಚಿನ್ನದ ಬಣ್ಣದ ಸಣ್ಣ ಸಣ್ಣ ಕಾಂಟ್ಯಾಕ್ಟ್‌ಗಳಿದ್ದು, ಕ್ಯಾಮೆರಾ ಹೇಳಿದ್ದನ್ನು ಲೆನ್ಸಿಗೆ ದಾಟಿಸುತ್ತವೆ. ಹಣ ಕೊಡಬೇಕಾದ ಜಾಗ ಈ ಕಾಂಟ್ಯಾಕ್ಟ್‌ಗಳು. ಏಕೆಂದರೆ ಈಗಿನ ಬಹುಪಾಲು ಲೆನ್ಸುಗಳಲ್ಲಿ ಅಪರ್ಚರನ್ನು, ಅಂದರೆ ಬೆಳಕು ಒಳಬರುವ ರಂಧ್ರವನ್ನು, ಬದಲಾಯಿಸುವ ಬಳೆಯೇ ಇಲ್ಲ, ಕ್ಯಾಮೆರಾದ ಆಜ್ಞೆ ತಲುಪಿದರೆ ಮಾತ್ರ ಅದು ಬದಲಾಗುತ್ತದೆ. ಕ್ಯಾನನ್ ಲೆನ್ಸಿಗೆ ವಿದ್ಯುತ್ ಸಂಪರ್ಕ ತಪ್ಪಿದರೆ ಅಪರ್ಚರು ಪೂರ್ತಿ ತೆರೆದೇ ಇರುತ್ತದೆ. ಆಗ ಜೇಡದ ಒಂದು ಕಣ್ಣು ಸ್ಪಷ್ಟ, ಪಕ್ಕದ ಕಣ್ಣು ಮಂಜು. ನಿಕಾನಿನ ಜಿ ಲೆನ್ಸುಗಳಲ್ಲಿ ಇದಕ್ಕೆ ತದ್ವಿರುದ್ಧ: ಹಿಂದಿನ ಸಣ್ಣ ಸನ್ನೆ ಕ್ಯಾಮೆರಾಕ್ಕೆ ತಗಲದಿದ್ದರೆ ಅಪರ್ಚರು ಪೂರ್ತಿ ಮುಚ್ಚಿಕೊಂಡು ವ್ಯೂಫೈಂಡರಿನಲ್ಲಿ ಕತ್ತಲೆ ಕವಿಯುತ್ತದೆ. ಮಿರರ್‌ಲೆಸ್ ಕ್ಯಾಮೆರಾಗಳ ಬಹುಪಾಲು ಲೆನ್ಸುಗಳಲ್ಲಿ ಮತ್ತು ನಿಕಾನಿನ ಎಎಫ್-ಪಿ ಲೆನ್ಸುಗಳಲ್ಲಿ ಫೋಕಸ್ ಬಳೆಯೂ ವಿದ್ಯುತ್ತಿನಿಂದಲೇ ನಡೆಯುವುದರಿಂದ, ಬರೀ ಬಳೆ ತೊಡಿಸಿದರೆ ಕೈಯಿಂದ ಫೋಕಸ್ ಮಾಡುವುದಕ್ಕೂ ಆಗುವುದಿಲ್ಲ. ಕೆಲವು ನೂರು ರೂಪಾಯಿಯ ಸೆಟ್ಟು ಕೊಂಡು, ಒಂದು ವಾರ ಒದ್ದಾಡಿ, ಮ್ಯಾಕ್ರೋ ನಮ್ಮಂಥವರಿಗಲ್ಲ ಎಂದು ಕೈಬಿಡುವವರ ತೊಂದರೆ ಕೈಚಳಕದ್ದಲ್ಲ. ಸಾಧನವೇ ಅವರ ಲೆನ್ಸಿಗೆ ಹೊಂದದ್ದು. ನೂರುಗಳಲ್ಲಿ ಮುಗಿಸಹೋಗಿ ಸಾವಿರಗಳನ್ನು ಉಳಿಸಿದೆವು ಎನ್ನುವುದು ಇಲ್ಲಿ ಉಳಿತಾಯವಲ್ಲ, ನಷ್ಟ.

ಇದಕ್ಕೊಂದು ಅಪವಾದವಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಫಿಲ್ಮ್ ಕಾಲದ ಪೆಂಟ್ಯಾಕ್ಸ್, ಜೆನಿತ್, ನಿಕಾನ್ ಕ್ಯಾಮೆರಾಗಳು ಇನ್ನೂ ಎಷ್ಟೋ ಮನೆಗಳ ಬೀರುವಿನಲ್ಲಿವೆ. ಅವುಗಳ 50 ಅಥವಾ 58 ಮಿಲಿಮೀಟರ್ ಲೆನ್ಸುಗಳ ಮೈಮೇಲೇ ಅಪರ್ಚರ್ ಬಳೆ ಇದೆ. ನಿಕಾನಿನ 50 ಎಂಎಂ ಡಿ ಲೆನ್ಸಿಗೂ ಇದೆ. ಇಂಥ ಲೆನ್ಸು ಇರುವವರಿಗೆ ಅಗ್ಗದ ಬರೀ ಬಳೆಯೇ ಸರಿಯಾದ ಆಯ್ಕೆ, ಕಾಂಟ್ಯಾಕ್ಟ್‌ಗಳಿಗೆ ಹಣ ಹಾಕುವುದು ವ್ಯರ್ಥ. ಹಳೆಯ ತಿರುಪು ಲೆನ್ಸನ್ನು ನಿಕಾನ್ ಕ್ಯಾಮೆರಾಕ್ಕೆ ಅಡಾಪ್ಟರಿನಿಂದ ಜೋಡಿಸಿದರೆ ದೂರದ ಬೆಟ್ಟ ಫೋಕಸ್ ಆಗುವುದಿಲ್ಲ ಎಂಬ ದೂರು ಇದೆ. ಟ್ಯೂಬು ಹಾಕಿದ ಮೇಲೆ ಯಾವ ಲೆನ್ಸಿನಲ್ಲೂ ದೂರದ ಬೆಟ್ಟ ಫೋಕಸ್ ಆಗುವುದಿಲ್ಲ, ಹಾಗಾಗಿ ನಮ್ಮ ಕೆಲಸಕ್ಕೆ ಆ ದೂರು ಲೆಕ್ಕಕ್ಕಿಲ್ಲ. ಇಲ್ಲಿ ಬೇಕಾಗುವುದು ಮ್ಯಾನುಯಲ್ ಮೋಡಿನಲ್ಲಿ ಬೆಳಕನ್ನು ತಾನೇ ಹೊಂದಿಸಿಕೊಳ್ಳುವ ತಾಳ್ಮೆ. ಕಲಿಯುವ ಮನಸ್ಸಿರುವ ವಿದ್ಯಾರ್ಥಿಗೆ ಇದು ಒಳ್ಳೆಯ ಪಾಠಶಾಲೆ. ಭಾನುವಾರ ಬೆಳಿಗ್ಗೆ ಒಂದೇ ಗಂಟೆ ಬಿಡುವು ಸಿಗುವ ಗೃಹಸ್ಥರಿಗೆ ಆಟೋ ಟ್ಯೂಬೇ ಮೇಲು.

ಆಟೋ ಟ್ಯೂಬುಗಳ ಒಳಗೂ ಒಳ್ಳೆಯದು ಕೆಟ್ಟದ್ದು ಇವೆ. ವ್ಯತ್ಯಾಸ ಹೆಸರಿನಲ್ಲಿಲ್ಲ, ಮೌಂಟಿನಲ್ಲಿ ಮತ್ತು ಒಳಗೋಡೆಯಲ್ಲಿದೆ. ಮೌಂಟ್ ಎಂದರೆ ಕ್ಯಾಮೆರಾಕ್ಕೂ ಲೆನ್ಸಿಗೂ ಕೂಡುವ ಬಾಯಿ. ಅದು ಪ್ಲಾಸ್ಟಿಕ್ಕಿನದಾದರೆ 50 ಮಿಲಿಮೀಟರಿನಂಥ ಹಗುರ ಲೆನ್ಸನ್ನು ತಡೆಯುತ್ತದೆ, ಭಾರದ ಜೂಮ್ ತೊಡಿಸಿದರೆ ಬಾಗುತ್ತದೆ. ಲೋಹದ ಮೌಂಟಿಗೆ ಸ್ವಲ್ಪ ಹೆಚ್ಚು ಕೊಡುವುದು ಸರಿ. ಒಳಗೋಡೆ ಮಿನುಗದ ಕಪ್ಪಾಗಿದ್ದು ಗೆರೆಗೆರೆಯಾಗಿರಬೇಕು. ಹೊಳಪಿದ್ದರೆ ಬಿಸಿಲಿಗೆದುರಾಗಿ ತೆಗೆದ ಚಿತ್ರಕ್ಕೆ ಬೂದಿ ಎರಚಿದ ಹಾಗೆ ಮಬ್ಬು ಬರುತ್ತದೆ. ಅಂಗಡಿಯಲ್ಲಿ ಕೊಳವೆಯನ್ನು ಬೆಳಕಿಗೆ ಹಿಡಿದು ಇಣುಕಿದರೆ ಇದು ಗೊತ್ತಾಗುತ್ತದೆ. ಆಮೇಲೆ ನಿಮ್ಮದೇ ಕ್ಯಾಮೆರಾ, ನಿಮ್ಮದೇ ಲೆನ್ಸಿಗೆ ತೊಡಿಸಿ ನೋಡಿ. ಲಾಕ್ ಆಗುವ ಟಕ್ ಎಂಬ ಸದ್ದು ಕೇಳಬೇಕು, ಮೆಲ್ಲಗೆ ಅಲುಗಿಸಿದರೆ ಲಟಲಟ ಎನ್ನಬಾರದು. ಅಪರ್ಚರನ್ನು ಎಫ್ 16ಕ್ಕೆ, ಷಟರನ್ನು ಎರಡು ಸೆಕೆಂಡಿಗೆ ಇಟ್ಟು, ಲೆನ್ಸಿನ ಮುಂಭಾಗವನ್ನು ನೋಡುತ್ತ ಕ್ಲಿಕ್ ಮಾಡಿ. ಒಳಗಿನ ಎಸಳುಗಳು ಕಣ್ಣೆದುರೇ ಕೂಡಿ ಸಣ್ಣ ರಂಧ್ರವಾಗಿ ಮತ್ತೆ ತೆರೆದುಕೊಂಡರೆ ಕಾಂಟ್ಯಾಕ್ಟ್‌ಗಳು ಕೆಲಸ ಮಾಡುತ್ತಿವೆ. ಮಾರುವವರ ಮಾತಿಗಿಂತ ಈ ಎರಡು ಸೆಕೆಂಡಿನ ಪರೀಕ್ಷೆ ನಂಬಿಕೆಗೆ ಯೋಗ್ಯ. ಕ್ಯಾನನ್ ಕಿಟ್ ಲೆನ್ಸು ಇರುವವರು ಇನ್ನೊಂದನ್ನು ನೋಡಬೇಕು: ಆ ಲೆನ್ಸಿನ ಮೇಲೆ ಬಿಳಿ ಚೌಕದ ಗುರುತಿರುತ್ತದೆ, ಕೆಂಪು ಚುಕ್ಕೆ ಮಾತ್ರ ಇರುವ ಟ್ಯೂಬಿಗೆ ಅದು ಕೂಡುವುದಿಲ್ಲ. ಮಿರರ್‌ಲೆಸ್‌ಗಳಿಗೆ ಸಾಮಾನ್ಯವಾಗಿ 10 ಮತ್ತು 16 ಮಿಲಿಮೀಟರಿನ ಎರಡು ತುಂಡಿನ ಸೆಟ್ಟು ಬರುತ್ತದೆ, ಅದೂ ಸಾಕಾಗುತ್ತದೆ. ತುಂಡುಗಳು ಹೆಚ್ಚಾದಷ್ಟೂ ಕೀಲುಗಳು ಹೆಚ್ಚು, ಅಲುಗಾಟವೂ ಹೆಚ್ಚು.

ಟ್ಯೂಬುಗಳ ಮೇಲೆ ಬಹು ಹಿಂದಿನಿಂದ ಇರುವ ಆಕ್ಷೇಪ ಬೆಳಕಿನದು. ಲೆನ್ಸು ದೂರ ಸರಿದಷ್ಟೂ ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡಿ ತೆಳುವಾಗುತ್ತದೆ. ಒಂದಕ್ಕೆ ಒಂದರಲ್ಲಿ ಸೆನ್ಸರಿಗೆ ಮುಟ್ಟುವುದು ಕಾಲುಭಾಗ, 0.7ರಲ್ಲಿ ಸುಮಾರು ಮೂರನೇ ಒಂದು ಭಾಗ. ಫಿಲ್ಮ್ ಕಾಲದಲ್ಲಿ ಇದು ನಿಜವಾಗಿಯೂ ದೊಡ್ಡ ಅಡ್ಡಿ. ಬೆಂಗಳೂರು ಆಗಲೂ ಪ್ರಕೃತಿ ಛಾಯಾಗ್ರಾಹಕರ ಊರಾಗಿತ್ತು: ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಪೀಳಿಗೆ ಇತ್ತು, 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಆ ಪೀಳಿಗೆಯ ಕೈಯಲ್ಲಿದ್ದ ಸ್ಲೈಡ್ ಫಿಲ್ಮುಗಳು ಐಎಸ್‌ಒ 64ರಂಥ ಮಂದ ಫಿಲ್ಮುಗಳು, ಒಂದು ರೋಲಿಗೆ 36 ಚಿತ್ರ, ತೊಳೆದು ಬರುವ ತನಕ ಫಲಿತಾಂಶ ಗೊತ್ತಿಲ್ಲ. ಟ್ಯೂಬಿನಿಂದ ಎಷ್ಟು ಬೆಳಕು ನಷ್ಟವಾಯಿತೆಂದು ತಪ್ಪು ಲೆಕ್ಕ ಹಾಕಿದರೆ ರೋಲೇ ಹೋಯಿತು. ಇವತ್ತು ಆಟೋ ಟ್ಯೂಬು ತೊಡಿಸಿದ ಕ್ಯಾಮೆರಾ ಲೆನ್ಸಿನ ಮೂಲಕ ಬಂದ ಬೆಳಕನ್ನೇ ಅಳೆಯುತ್ತದೆ, ನಷ್ಟದ ಲೆಕ್ಕ ತಾನಾಗಿ ಸೇರಿರುತ್ತದೆ. ಐಎಸ್‌ಒ 800 ಅಥವಾ 1600ಕ್ಕೆ ಏರಿಸಿದರೂ ಚಿತ್ರ ನೋಡುವಂತಿರುತ್ತದೆ. ತಪ್ಪಿದರೆ ಮರುಕ್ಷಣ ಪರದೆಯಲ್ಲಿ ಕಾಣುತ್ತದೆ. ಹಳೆಯ ಪುಸ್ತಕಗಳಲ್ಲಿ ಟ್ಯೂಬಿನ ಬಗ್ಗೆ ಇರುವ ಎಚ್ಚರಿಕೆಗಳೆಲ್ಲ ಸುಳ್ಳಲ್ಲ, ಆದರೆ ಅವು ಬೇರೊಂದು ಕಾಲದ ಕಷ್ಟಕ್ಕೆ ಹೇಳಿದವು. ಮೇಲಾಗಿ, ಮ್ಯಾಕ್ರೋ ಲೆನ್ಸಿನಲ್ಲೂ ಹತ್ತಿರಕ್ಕೆ ಹೋದಾಗ ಬೆಳಕು ಕುಗ್ಗುತ್ತದೆ. ಇದು ಟ್ಯೂಬೊಂದರ ದೋಷವೇನೂ ಅಲ್ಲ.

ಇದೇ ಉತ್ತರ ಎರಡನೆಯ ಆಕ್ಷೇಪಕ್ಕೂ ಸಲ್ಲುತ್ತದೆ. ಟ್ಯೂಬು ಹಾಕಿದರೆ ಫೋಕಸ್ ಆಗುವ ಪದರ ತೀರಾ ತೆಳು ಎನ್ನುತ್ತಾರೆ. ನಿಜ: 0.7 ಪ್ರಮಾಣದಲ್ಲಿ ಎಫ್ 8 ಇಟ್ಟರೆ ಸ್ಪಷ್ಟವಾಗಿ ಬರುವ ಪದರ ಸುಮಾರು ಒಂದು ಮಿಲಿಮೀಟರ್. ಆದರೆ ಪದರದ ದಪ್ಪ ನಿರ್ಧಾರವಾಗುವುದು ಪ್ರಮಾಣದಿಂದ ಮತ್ತು ಅಪರ್ಚರಿನಿಂದ. ಹತ್ತಾರು ಸಾವಿರದ ಮ್ಯಾಕ್ರೋ ಲೆನ್ಸಿನಲ್ಲಿ ಅದೇ ಪ್ರಮಾಣಕ್ಕೆ, ಅದೇ ಅಪರ್ಚರಿಗೆ ಪದರ ಅಷ್ಟೇ ತೆಳು. ಹಣ ಕೊಟ್ಟು ಇದನ್ನು ದಪ್ಪ ಮಾಡಿಸಲಾಗದು. ಅಪರ್ಚರನ್ನು ಎಫ್ 22ಕ್ಕೆ ಮುಚ್ಚಿದರೆ ಬೆಳಕಿನ ಅಲೆಗಳು ಸಣ್ಣ ರಂಧ್ರದಲ್ಲಿ ಚದುರಿ ಇಡೀ ಚಿತ್ರವೇ ಮೊಂಡಾಗುತ್ತದೆ. 8ರಿಂದ 11ರೊಳಗೆ ಇದ್ದು, ಜೀವಿಗೆ ಕ್ಯಾಮೆರಾವನ್ನು ಸಮಾಂತರವಾಗಿ ಹಿಡಿಯುವುದೇ ದಾರಿ. ರೆಕ್ಕೆ ಮಡಿಚಿ ಕೂತ ಪ್ಲೇನ್ ಟೈಗರನ್ನು ಮೂರನೇ ಒಂದರ ಪ್ರಮಾಣದಲ್ಲಿ ತೆಗೆಯುವಾಗ ಪದರ ಸುಮಾರು ನಾಲ್ಕು ಮಿಲಿಮೀಟರಿನಷ್ಟಿರುತ್ತದೆ. ಪಕ್ಕದಿಂದ ನೇರ ಹಿಡಿದರೆ ಇಡೀ ರೆಕ್ಕೆ ಅದರೊಳಗೆ ಬರುತ್ತದೆ. ಅಷ್ಟು ಸ್ಪಷ್ಟವಾದರೆ ಏನು ಪ್ರಯೋಜನ ಎಂಬುದಕ್ಕೂ ಈ ಚಿಟ್ಟೆಯೇ ಉದಾಹರಣೆ. ಹಕ್ಕಿಗಳಿಗೆ ರುಚಿಸದ ಪ್ಲೇನ್ ಟೈಗರನ್ನು ಡೇನೈಡ್ ಎಗ್‌ಫ್ಲೈ ಎಂಬ ಬೇರೆಯೇ ಕುಲದ ಚಿಟ್ಟೆಯ ಹೆಣ್ಣು ಅನುಕರಿಸುತ್ತದೆ. ಹಾರುವಾಗ ಎರಡೂ ಒಂದೇ ಕಿತ್ತಳೆ. ಆದರೆ ಪ್ಲೇನ್ ಟೈಗರಿನ ಹಿಂದಿನ ರೆಕ್ಕೆಯ ನಡುಭಾಗದಲ್ಲಿ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ, ಎಗ್‌ಫ್ಲೈಯಲ್ಲಿ ಆ ನಡುವಿನ ಚುಕ್ಕೆಗಳಿಲ್ಲ. ದೂರದ ಮಸುಕು ಚಿತ್ರದಲ್ಲಿ ಒಂದೇ ಜಾತಿಯಾಗಿ ಉಳಿಯುತ್ತಿದ್ದದ್ದು ಹತ್ತಿರದ ಚಿತ್ರದಲ್ಲಿ ಎರಡು ಜಾತಿಯಾಗುತ್ತದೆ, ಅಂಜನಾಪುರದ ಪಟ್ಟಿಗೆ ಒಂದು ಹೆಸರು ಸೇರುತ್ತದೆ.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು, ಅದನ್ನು ಪೂರ್ತಿ ತಳ್ಳಿಹಾಕಲಾಗದು. 50 ಮಿಲಿಮೀಟರ್ ಲೆನ್ಸಿನಲ್ಲಿ 0.7 ಪ್ರಮಾಣಕ್ಕೆ ಹೋದಾಗ ಜೀವಿಗೂ ಲೆನ್ಸಿನ ನಡುಭಾಗಕ್ಕೂ 12 ಸೆಂಟಿಮೀಟರ್ ಅಂತರವಷ್ಟೇ, ಲೆನ್ಸಿನ ಬಾಯಿಂದ ಇನ್ನೂ ಕಡಿಮೆ. ಚಿಟ್ಟೆ ಹಾರುತ್ತದೆ, ಲೆನ್ಸಿನ ನೆರಳು ಜೇಡದ ಮೇಲೆ ಬೀಳುತ್ತದೆ. 100 ಮಿಲಿಮೀಟರಿನ ಮ್ಯಾಕ್ರೋ ಲೆನ್ಸು ಇಲ್ಲಿ ಖಂಡಿತ ಮೇಲು. ಆದರೂ ಟ್ಯೂಬಿನವರು ಕೈಕಟ್ಟಿ ಕೂರಬೇಕಾಗಿಲ್ಲ. ಮೊದಲು ಹೇಳಿದಂತೆ ಚಿಟ್ಟೆಗೆ ದೊಡ್ಡ ಪ್ರಮಾಣ ಬೇಡ. 85 ಮಿಲಿಮೀಟರ್ ಲೆನ್ಸಿಗೋ, 55-250ರಂಥ ಜೂಮನ್ನು 100ರ ಹತ್ತಿರ ತಿರುಗಿಸಿಯೋ 36ರ ತುಂಡು ಹಾಕಿದರೆ ಸಾಕಷ್ಟು ಪ್ರಮಾಣ ಸಿಗುತ್ತದೆ, ಅಂತರವೂ ಒಂದು ಗೇಣಿನ ಆಸುಪಾಸಿಗೆ ಏರುತ್ತದೆ. ಇನ್ನು ಕಾಲ. ಕೀಟಗಳಿಗೆ ಮೈ ಬಿಸಿಯಾಗದೆ ಚುರುಕು ಬರುವುದಿಲ್ಲ. ಕಾರ್ತಿಕದಿಂದ ಪುಷ್ಯದವರೆಗೆ, ಬಿಸಿಲು ಏರುವ ಮೊದಲು, ಹುಲ್ಲಿನ ಕಡ್ಡಿಗೆ ಅಂಟಿಕೊಂಡ ಏರೋಪ್ಲೇನ್ ಚಿಟ್ಟೆ ಲೆನ್ಸು ಎಷ್ಟು ಹತ್ತಿರ ಬಂದರೂ ಕದಲದೆ ಇರುತ್ತದೆ, ರೆಕ್ಕೆಯ ಮೇಲೆ ಇಬ್ಬನಿಯ ಹನಿಗಳೂ ಇರುತ್ತವೆ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ತಂದು ಕೂರಿಸುವ ಕ್ರಮವೂ ಉಂಟು. ಅದು ಕ್ರೌರ್ಯ, ಅಂಥ ಚಿತ್ರಕ್ಕೆ ದಾಖಲೆಯ ಬೆಲೆಯೂ ಇಲ್ಲ. ನೆರಳಿನ ತೊಂದರೆಗೆ ಮದ್ದು ಫ್ಲ್ಯಾಷು. ಟ್ಯೂಬಿನಲ್ಲಿ ಉಳಿಸಿದ ಹಣದಲ್ಲಿ ಒಂದು ಸಾಧಾರಣ ಮ್ಯಾನುಯಲ್ ಫ್ಲ್ಯಾಷ್ ಕೊಂಡು, ಮುಂದೆ ಟ್ರೇಸಿಂಗ್ ಪೇಪರ್ ಕಟ್ಟಿ, ಲೆನ್ಸಿನ ಬಾಯಿಯವರೆಗೆ ಬಾಗಿಸಿದರೆ ಬೆಳಕು ಮೆತ್ತಗೆ ಬೀಳುತ್ತದೆ. ಬೆರಳುದ್ದದ ಅಂತರದಲ್ಲಿ ಪುಟ್ಟ ಫ್ಲ್ಯಾಷ್ ಕೂಡ ಜೇಡಕ್ಕೆ ವಿಶಾಲ ಆಕಾಶದಷ್ಟು ದೊಡ್ಡ ಬೆಳಕಿನ ಮೂಲ. ನನ್ನ ದೃಷ್ಟಿಯಲ್ಲಿ ಟ್ಯೂಬಿನ ಹೆಸರಿಗೆ ಕೊಡುವ ಹೆಚ್ಚಿನ ಪ್ರತಿ ರೂಪಾಯಿಯೂ ಈ ಬೆಳಕಿಗೆ ಹೋಗಬೇಕು. ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯ ವೇಷದಲ್ಲಿ ಅದೇ ಗಿಡದಲ್ಲಿ ಓಡಾಡುವ ಒಂದು ಜೇಡವಿದೆ. ಸುಮಾರು ಒಂದು ಸೆಂಟಿಮೀಟರಿನದು, ಮುಂಗಾಲುಗಳನ್ನು ಇರುವೆಯ ಮೀಸೆಯಂತೆ ಎತ್ತಿ ಆಡಿಸುತ್ತದೆ. ಅದಕ್ಕೆ ಎಂಟು ಕಾಲು, ಮುಖದ ಮೇಲೆ ಸಾಲಾಗಿ ನಾಲ್ಕು ಕಣ್ಣು. ಈ ಗುಟ್ಟು ಬಯಲಾಗುವುದು ಮುಖಕ್ಕೆ ಬೆಳಕು ಬಿದ್ದಾಗ ಮಾತ್ರ, ನೆರಳಿನಲ್ಲಿ ಅದು ಇರುವೆಯಾಗಿಯೇ ಉಳಿಯುತ್ತದೆ.

50 ಮಿಲಿಮೀಟರ್ ಲೆನ್ಸು ದೂರದ ನೋಟಕ್ಕೆ ತಿದ್ದಿದ್ದು, ಇಷ್ಟು ಹತ್ತಿರದಲ್ಲಿ ಅಂಚುಗಳು ಮಂಕಾಗುತ್ತವೆ ಎಂದು ಇನ್ನು ಕೆಲವರು ಹೇಳುತ್ತಾರೆ. ಅಂಚೆಚೀಟಿ, ನಾಣ್ಯ, ಹಳೆಯ ಓಲೆಗರಿಯಂಥ ಚಪ್ಪಟೆ ವಸ್ತುಗಳಿಗೆ ಈ ಮಾತು ನಿಜ, ಅಂಥ ಕೆಲಸ ಮಾಡುವವರು ಮ್ಯಾಕ್ರೋ ಲೆನ್ಸೇ ಕೊಳ್ಳಲಿ. ಜೇಡ ಚಪ್ಪಟೆಯಲ್ಲ. ಅದು ಚಿತ್ರದ ನಡುವಿನಲ್ಲಿರುತ್ತದೆ, ಅಂಚಿನಲ್ಲಿರುವುದು ಹೇಗೂ ಫೋಕಸ್ ತಪ್ಪಿದ ಎಲೆಯ ಹಸಿರು. ಮೊಬೈಲ್ ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿಗೂ ಉತ್ತರ ಸಲ್ಲಬೇಕು. ಅಗ್ಗದ ಮೊಬೈಲುಗಳಲ್ಲಿ ಮ್ಯಾಕ್ರೋ ಎಂದು ಕೊಡುವ ಕ್ಯಾಮೆರಾ ಎಷ್ಟೋ ವೇಳೆ 2 ಮೆಗಾಪಿಕ್ಸೆಲಿನದು. ದುಬಾರಿ ಮೊಬೈಲುಗಳ ಚಿತ್ರ ಚೆನ್ನಾಗಿಯೇ ಬರುತ್ತದೆ, ಆದರೆ ಜೀವಿಗೆ ಎರಡು ಮೂರು ಸೆಂಟಿಮೀಟರಿಗೆ ಹೋಗಬೇಕು. ಹೂವಿಗೆ ಸರಿ, ಹಾರುವ ಜೀವಿಗೆ ಅಲ್ಲ. ಕ್ಯಾಮೆರಾವೇ ಇಲ್ಲದವರು ಟ್ಯೂಬಿಗಾಗಿ ಕ್ಯಾಮೆರಾ ಕೊಳ್ಳಬೇಕಿಲ್ಲ. ಇರುವ ಕ್ಯಾಮೆರಾ ಬೀರುವಿನಲ್ಲಿ ಕೊಳೆಯುತ್ತಿರುವವರಿಗೆ ಈ ಮಾತು.

ಬರೀ 70-300 ಜೂಮ್ ಇದ್ದು ಬೇರೆ ಲೆನ್ಸೇ ಇಲ್ಲದವರು ಟ್ಯೂಬು ಕೊಳ್ಳುವುದು ಬೇಡ. ಅವರಿಗೆ ಲೆನ್ಸಿನ ಮುಂದೆ ತಿರುಪುವ ಕ್ಲೋಸ್‌ಅಪ್ ಲೆನ್ಸು ಸರಿ. ಎರಡು ಡಯಾಪ್ಟರಿನ ಒಂದು ಗಾಜು 300 ಮಿಲಿಮೀಟರಿನಲ್ಲಿ 0.6ರಷ್ಟು ಪ್ರಮಾಣ ಕೊಡುತ್ತದೆ, ಅಂತರ ಅರ್ಧ ಮೀಟರ್ ಉಳಿಯುತ್ತದೆ, ಬೆಳಕೂ ಅಷ್ಟಾಗಿ ಕುಗ್ಗುವುದಿಲ್ಲ. ಆದರೆ ಅಲ್ಲಿ ಗಾಜಿದೆ, ಆದ್ದರಿಂದ ಅಗ್ಗದ್ದು ಅಗ್ಗದ್ದೇ: ನಾಲ್ಕು ಗಾಜಿನ ಸೆಟ್ಟು ಎಂದು ಮಾರುವ ಒಂಟಿ ಮಸೂರಗಳು ಅಂಚಿಗೆ ನೇರಳೆ ಹಸಿರು ಬಣ್ಣ ಬಳಿಯುತ್ತವೆ. ಎರಡು ಮಸೂರ ಜೋಡಿಸಿದ ಅಕ್ರೋಮ್ಯಾಟಿಗೇ ಹಣ ಕೊಡಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲೂ ಗಾಜಿಲ್ಲದಿರುವುದು ನಮಗೆ ಅನುಕೂಲ. ಹಳೆಯ ಲೆನ್ಸು ಕೊಳ್ಳುವಾಗಿನ ದೊಡ್ಡ ಭಯ ಮಳೆಗಾಲದ ತೇವಕ್ಕೆ ಒಳಗೆ ಹಬ್ಬಿದ ಫಂಗಸ್. ಟ್ಯೂಬಿನಲ್ಲಿ ಫಂಗಸ್ ಕೆಡಿಸುವ ಗಾಜೇ ಇಲ್ಲ. ಕಾಂಟ್ಯಾಕ್ಟ್‌ಗಳು ಕಪ್ಪುಗಟ್ಟಿಲ್ಲವೇ, ಮೌಂಟು ಸವೆದಿಲ್ಲವೇ, ಲಾಕ್ ಬಿಡುಗಡೆಯ ಗುಂಡಿ ಸಿಕ್ಕಿಕೊಳ್ಳುವುದಿಲ್ಲವೇ ಎಂದು ನೋಡಿ, ಎರಡು ಸೆಕೆಂಡಿನ ಪರೀಕ್ಷೆ ಮಾಡಿದರೆ ಯಾರೋ ಬಳಸಿಬಿಟ್ಟ ಸೆಟ್ಟು ಹೊಸದರಷ್ಟೇ ಕೆಲಸಕ್ಕೆ ಬರುತ್ತದೆ. ಮುಂದೊಂದು ದಿನ ಮ್ಯಾಕ್ರೋ ಲೆನ್ಸೇ ಕೊಳ್ಳುವುದಾದರೆ ಈ ಹಣ ದಂಡವಲ್ಲವೇ ಎಂಬುದು ಕೊನೆಯ ಪ್ರಶ್ನೆ. 100 ಮಿಲಿಮೀಟರಿನ ಮ್ಯಾಕ್ರೋ ಲೆನ್ಸು ತಾನಾಗಿ ಒಂದಕ್ಕೆ ಒಂದರಲ್ಲಿ ನಿಲ್ಲುತ್ತದೆ. ಅದರ ಹಿಂದೆ ಇದೇ 36ರ ತುಂಡು ತೊಡಿಸಿದರೆ ಇನ್ನೂ ಮೂರನೇ ಒಂದು ಭಾಗ ಮುಂದೆ ಹೋಗುತ್ತದೆ, ಎಕ್ಕದೆಲೆಯ ಮೇಲಿನ ಚಿಟ್ಟೆಯ ಮೊಟ್ಟೆಯ ಏಣುಗೆರೆಗಳನ್ನು ಎಣಿಸಲು ಬೇಕಾಗುವುದು ಆ ಹೆಚ್ಚಿನ ಭಾಗವೇ.